ಎರಡು ಸೆಕೆಂಡು ಸುಮ್ಮನಿರುವ ಕೆಲಸ

ಉತ್ತರಹಳ್ಳಿಯಲ್ಲಿರುವ ನಮ್ಮಣ್ಣನಿಗೆ ನನ್ನ ಕೆಲಸ ಏನೆಂದು ವಿವರಿಸಲು ಎಷ್ಟೋ ವರ್ಷದಿಂದ ಪ್ರಯತ್ನಪಡುತ್ತಿದ್ದೇನೆ. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದ ಮೇಲೆ ಈಗ ಅವನ ನಾಲ್ಕು ಬಾಡಿಗೆ ಕಟ್ಟಡಗಳು ನಿಂತಿವೆ. ಕೆಳಗೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ನೀರಿನ ಮೋಟಾರು ಯಾವಾಗ ಆನ್ ಆಯಿತು, ಯಾವಾಗ ಆಫ್ ಆಯಿತು ಎಂದು ಗಮನಿಸುವುದು ಅವನ ದಿನಚರಿ. ನಾನು ಹೋದಾಗಲೆಲ್ಲ ಅದೇ ಪ್ರಶ್ನೆ.

“ಹೊಸ ವಿಮಾನ ಮುರಿಯುತ್ತೋ ಇಲ್ವೋ ನೋಡೋಕೆ ನಿನ್ನ ಕೂರಿಸಿ ಕಳಿಸ್ತಾರೆ, ಅಲ್ವೇನೋ?”

“ಹೆಚ್ಚುಕಮ್ಮಿ ಅದೇ ಅಣ್ಣ.”

“ಮುರಿದ್ರೆ?”

“ಮುರೀತು ಅಂತ ವರದಿ ಬರೀಬೇಕು.”

“ಮುರಿದ ಮೇಲೆ ಯಾರೋ ಬರೀತಾರೆ?”

ಉತ್ತರಕ್ಕೆ ಕಾಯದೆ ಅವನೇ ಸಮಾಧಾನವಾಗಿ, “ಹೋಗ್ಲಿ ಬಿಡು, ಗೌರ್ಮೆಂಟ್ ಕೆಲಸ,” ಎಂದು ಮೋಟಾರಿನ ಕಡೆ ತಿರುಗುತ್ತಾನೆ.

ಸರ್ಕಾರಿ ಪರೀಕ್ಷಾ ಪೈಲಟ್ ಆಗಲು ಏನು ಅರ್ಹತೆ ಬೇಕು ಎಂದು ಕೇಳುವವರಿಗೆ ನಾನು ಅಧಿಸೂಚನೆಯಲ್ಲಿ ಇರುವುದನ್ನೇ ಹೇಳುತ್ತೇನೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ. ಹಲವು ಬಗೆಯ ವಿಮಾನಗಳಲ್ಲಿ ಬೇಕಾದಷ್ಟು ಗಂಟೆ ಹಾರಿರಬೇಕು. ಪರೀಕ್ಷಾ ಹಾರಾಟದ ಕೋರ್ಸು ಪಾಸಾಗಿರಬೇಕು. ಆಗಾಗ ಡಾಕ್ಟರು ಎದೆ, ಕಣ್ಣು, ಕಿವಿ ನೋಡಿ ಸಹಿ ಹಾಕಬೇಕು. ಆ ಕೋರ್ಸಿಗೆ ಸೇರುವಾಗ ಕೊರಳಿಗೊಂದು ರೇಷ್ಮೆ ಕರವಸ್ತ್ರ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಬೆಳಿಗ್ಗೆ ಒಂದು ಗಂಟೆ ಹಾರಿಸಿ, ಉಳಿದ ದಿನವೆಲ್ಲ ಅದರ ವರದಿ ಬರೆಸಿದರು. ‘ವಿಮಾನ ಹಿತವಾಗಿತ್ತು’ ಎಂದು ಬರೆದಿದ್ದಕ್ಕೆ ಮೇಷ್ಟರು ಕೆಂಪು ಶಾಯಿಯಲ್ಲಿ, ‘ನಿನಗೆ ಹಿತವಾಯಿತೋ ಇಲ್ಲವೋ ಎಂದು ಯಾರು ಕೇಳಿದರು? ಕೈಗೆ ಎಷ್ಟು ಭಾರ ಬಂತು, ಅದನ್ನು ಬರಿ’ ಎಂದು ಗೀಚಿದ್ದರು. ಕರವಸ್ತ್ರ ಎರಡನೇ ವಾರದಲ್ಲೇ ಕನ್ನಡಕ ಒರೆಸುವುದಕ್ಕೆ ಹೋಯಿತು.

ಅಂದರೆ ನನ್ನನ್ನು ಕಲ್ಪಿಸಿಕೊಳ್ಳುವಾಗ ದಯವಿಟ್ಟು ಸಿನಿಮಾದ ಪೈಲಟನ್ನು ನೆನೆಯಬೇಡಿ. ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿನ ತಿರುವಿಗೆ ಹತ್ತಿರದ ಒಂದು ಮನೆಯಿಂದ, ಹಾಲಿನವರು ಓಡಾಡುವ ಹೊತ್ತಿಗೆ ಕಾರು ತೆಗೆಯುವ, ಸ್ವಲ್ಪ ಹೊಟ್ಟೆ ಬಂದಿರುವ ಒಬ್ಬ ಅಂಕಲ್. ತೊಡೆಗೆ ಕಟ್ಟಿಕೊಂಡ ಪುಟ್ಟ ಹಲಗೆ, ಅದಕ್ಕೆ ದಾರ ಹಾಕಿ ಕಟ್ಟಿದ ಪೆನ್ಸಿಲು. ದಾರ ಯಾಕೆಂದರೆ, ಕೈಜಾರಿದ ಪೆನ್ಸಿಲು ಪೆಡಲುಗಳ ಸಂದಿಗೆ ಹೋಗಿ ಸಿಕ್ಕಿಕೊಂಡರೆ ಪೈಲಟ್ಟು ಎಷ್ಟು ಓದಿದ್ದಾನೆ ಎಂದು ವಿಮಾನ ನೋಡುವುದಿಲ್ಲ.

ಕೆಲಸವೂ ಅಷ್ಟೇ ಸಪ್ಪೆ. ಎಂಜಿನಿಯರುಗಳು ಒಂದು ಕಾರ್ಡು ಬರೆದು ಕೊಡುತ್ತಾರೆ. ಇಷ್ಟು ಎತ್ತರಕ್ಕೆ ಹೋಗಿ, ಇಷ್ಟು ವೇಗ ಹಿಡಿಯಿರಿ, ಹಿಡಿಕೆಯನ್ನು ಒಮ್ಮೆ ತಳ್ಳಿ ಬಿಟ್ಟುಬಿಡಿ, ವಿಮಾನ ಎಷ್ಟು ಸಲ ತೂಗಾಡಿ ನಿಲ್ಲುತ್ತದೆ ಎಣಿಸಿ. ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡಬೇಕು. ಸ್ವಂತ ಬುದ್ಧಿ ತೋರಿಸಬಾರದು. ಕೊನೆಗೆ ಒಂದರಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು. ಶಾಲೆಯ ಲೆಕ್ಕಕ್ಕೆ ಇದು ಉಲ್ಟಾ: ಅಂಕ ಕಡಿಮೆಯಾದಷ್ಟೂ ವಿಮಾನ ಒಳ್ಳೆಯದು. ಮೂರರವರೆಗೆ ಏನೂ ತಿದ್ದಬೇಕಾಗಿಲ್ಲ. ನಾಲ್ಕರಿಂದ ಆರು ಎಂದರೆ ತಿದ್ದಿದರೆ ಒಳ್ಳೆಯದು. ಏಳು ಮುಟ್ಟಿದರೆ ತಿದ್ದಲೇಬೇಕು. ಹತ್ತು ಎಂದರೆ ಪೈಲಟ್ಟು ಪ್ಯಾರಾಚೂಟಿನಲ್ಲಿ ಇಳಿದು, ಆಟೊ ಹಿಡಿದು ಬಂದು ಬರೆದದ್ದು.

ಅಂಕ ಬರೆಯುವುದಕ್ಕೊಂದು ಕಟ್ಟುಪಾಡಿದೆ. ಇಂಜಿನ್ ಆರಿಸಿದ ಮೇಲೆ, ಬಾಗಿಲು ತೆರೆಯುವ ಮೊದಲು, ಯಾರ ಜೊತೆಗೂ ಒಂದು ಮಾತೂ ಆಡದೆ ಬರೆಯಬೇಕು. ಇಬ್ಬರು ಹಾರಿದ್ದರೆ ಒಬ್ಬರ ಅಂಕ ಇನ್ನೊಬ್ಬರು ನೋಡುವಂತಿಲ್ಲ. ರೆಕ್ಕೆಯ ಪಕ್ಕದಲ್ಲಿ ವಿಮಾನದ ಮುಖ್ಯ ವಿನ್ಯಾಸಕರು ನಿಂತಿರುತ್ತಾರಲ್ಲ, ಅವರ ಮುಖ ನೋಡಿದ ಮೇಲೆ ಬರೆದ ಅಂಕಕ್ಕೆ ಬೆಲೆಯಿಲ್ಲ.

ನಾನು ಹೇಳಹೊರಟಿರುವ ವಿಮಾನದ ವಿನ್ಯಾಸಕರು ಜಯನಗರದವರು, ಬಲು ಸಜ್ಜನ. ಹತ್ತು ವರ್ಷ ಒಂದೇ ಪುಟ್ಟ ವಿಮಾನದ ವಿನ್ಯಾಸಕ್ಕೆ ಕೂತಿದ್ದರು. ಹಾರಲು ಕಲಿಯುವ ಹುಡುಗ ಹುಡುಗಿಯರಿಗೆಂದೇ ಮಾಡಿದ ವಿಮಾನ ಅದು. ಪ್ರತಿ ಹಾರಾಟದ ದಿನವೂ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತರುತ್ತಿದ್ದರು. ಅವರ ಕೋಡುಬಳೆ ತಿಂದು ಅವರ ವಿಮಾನಕ್ಕೆ ಏಳು ಕೊಡುವುದು ಸುಲಭದ ಮಾತಲ್ಲ. ಅಧಿಸೂಚನೆಯಲ್ಲಿ ಬರೆಯದೆ ಬಿಟ್ಟ ಅರ್ಹತೆ ಇದೇ ಎಂದು ನಾನು ಹೊಸಬರಿಗೆ ಭಾಷಣ ಬಿಗಿಯುತ್ತಿದ್ದೆ. ಭಾಷಣಕ್ಕೇನು ಕಮ್ಮಿ.

ಆ ವರ್ಷ ನನ್ನ ಕೈಕೆಳಗೆ ಬಂದ ಹೊಸಬಳು ಧಾರವಾಡದ ಕಡೆಯ ಹುಡುಗಿ. ಬಿಟಿಎಂ ಲೇಔಟಿನಲ್ಲಿ ಮೂರನೇ ಮಹಡಿಯ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಕೋರ್ಸು ಮುಗಿಸಿ ಬಂದು ಒಂದು ವರ್ಷ ನಮ್ಮಲ್ಲಿ ಪ್ರೊಬೇಷನ್. ವರ್ಷದ ಕೊನೆಗೆ ನಾನು ಒಂದು ಫಾರ್ಮಿನಲ್ಲಿ ‘ಸ್ವತಂತ್ರವಾಗಿ ಪರೀಕ್ಷೆ ನಡೆಸಲು ಅರ್ಹಳು’ ಎಂದು ಬರೆದರೆ ಕೆಲಸ ಖಾಯಂ. ‘ಅರ್ಹಳಲ್ಲ’ ಎಂದರೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು. ಈ ಕೆಲಸದಲ್ಲಿ ಎರಡನೇ ಅವಕಾಶ ಕೊಡುವುದಿಲ್ಲ. ಹುಡುಗಿ ಮಾತು ಕಡಿಮೆ, ಬರವಣಿಗೆ ಅಚ್ಚುಕಟ್ಟು. ಕೋಡುಬಳೆ ಕೊಟ್ಟರೆ “ಬ್ಯಾಡ್ರಿ” ಎನ್ನುತ್ತಿದ್ದಳು. ಅದು ನನಗೆ ಸ್ವಲ್ಪ ಅತಿಯಾಯಿತು ಅನಿಸುತ್ತಿತ್ತು.

ಗಲಾಟೆ ಶುರುವಾದದ್ದು ಒಂದು ಪರೀಕ್ಷೆಯಿಂದ. ಕಲಿಯುವ ಹುಡುಗ ವಿಮಾನ ಇಳಿಸಲು ಬರುತ್ತಾನೆ. ನೆಲ ಹತ್ತಿರವಾದಾಗ ರನ್‌ವೇ ಮೇಲೆ ನಾಯಿ ಕಾಣುತ್ತದೆ ಎಂದಿಟ್ಟುಕೊಳ್ಳಿ. ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಆಗ ಮೂತಿ ಮೇಲೆದ್ದು ಎಡಕ್ಕೆ ತಿರುಗುವುದು ಇಂಥ ವಿಮಾನಗಳ ಸ್ವಭಾವ. ಹಿಡಿಕೆ ಮುಂದೆ ತಳ್ಳಿ, ಬಲಗಾಲಿನ ಪೆಡಲ್ ಒತ್ತಿದರೆ ನೆಟ್ಟಗಾಗುತ್ತದೆ. ಒತ್ತುವುದು ತಡವಾದರೆ ಮೂತಿ ಆಕಾಶ ನೋಡುತ್ತದೆ, ವೇಗ ಕುಸಿಯುತ್ತದೆ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ನಮ್ಮ ವಿಮಾನದಲ್ಲಿ ಈ ಚಟ ಎಷ್ಟಿದೆ ಎಂದು ಆರು ಸಾವಿರ ಅಡಿ ಎತ್ತರದಲ್ಲಿ ನೋಡಬೇಕಿತ್ತು. ಕಾರ್ಡಿನಲ್ಲಿದ್ದದ್ದು ಇಷ್ಟೇ: ಪೂರ್ತಿ ಶಕ್ತಿ ಕೊಡಿ, ಎರಡು ಸೆಕೆಂಡು ಏನೂ ಮಾಡಬೇಡಿ, ಆಮೇಲೆ ಸರಿಪಡಿಸಿ. ಹೊಸ ಹುಡುಗನಿಗೆ ಏನಾಗುತ್ತಿದೆ ಎಂದು ಹೊಳೆಯಲು ಬೇಕಾದ ಸಮಯ ಆ ಎರಡು ಸೆಕೆಂಡು.

ನಾನು ಮೂರು ವಾರ ದಿನಾ ಹಾರಿ, ಹತ್ತಾರು ಸಲ ಮಾಡಿ ನೋಡಿ, ಮೂರು ಕೊಟ್ಟೆ. ಅವಳು ಬೇರೆಯಾಗಿ ಹಾರಿ ಏಳು ಕೊಟ್ಟಳು.

ತೆರೆದಿದ್ದ ಕೋಡುಬಳೆ ಡಬ್ಬಿಯನ್ನು ವಿನ್ಯಾಸಕರು ಮುಚ್ಚಿಬಿಟ್ಟರು. ಏಳು ಎಂದರೆ ಮೂತಿಯನ್ನು ಹತೋಟಿಯಲ್ಲಿಡುವ ಬಾಲವನ್ನೇ ಹೊಸದಾಗಿ ಮಾಡಬೇಕು, ಏನಿಲ್ಲವೆಂದರೂ ಒಂದು ವರ್ಷ. ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ದೊಡ್ಡ ಮನುಷ್ಯನ ಗತ್ತಿನಲ್ಲಿ ಬುದ್ಧಿ ಹೇಳಿದೆ.

“ನೋಡಮ್ಮ, ಇಂಜಿನ್ ಕೊಡೋವಾಗ್ಲೇ ಬಲಗಾಲು ಚೂರು ಒತ್ಕೊಂಡ್ಬಿಡು. ಏನೂ ಆಗಲ್ಲ, ಬೆಣ್ಣೆ ಥರ ಹೋಗುತ್ತೆ.”

“ಎರಡ ಸೆಕೆಂಡ್ ಒತ್ತಬ್ಯಾಡ ಅಂತ ಕಾರ್ಡಿನ್ಯಾಗ ಐತಲ್ರಿ ಸರ್.”

“ಕಾರ್ಡ್ ಬರೆದೋರು ವಿಮಾನ ಹಾರ್ಸಲ್ಲಮ್ಮ.”

“ಹಾರಸೂದಿಲ್ಲ ಖರೇರಿ. ಆದ್ರ ನಾ ಬರದದ್ದು ನಾ ಬದಲ್ ಮಾಡೂದಿಲ್ರಿ.”

ಟೀ ಲೋಟ ತೊಳೆದಿಟ್ಟು ಹೋದಳು. ನನಗೆ ಮೈಯೆಲ್ಲ ಉರಿಯಿತು. ನಾನು ಹಾರಲು ಶುರುಮಾಡಿದಾಗ ಇವಳು ತೊಟ್ಟಿಲಲ್ಲೂ ಇರಲಿಲ್ಲ.

ನಮ್ಮ ಸಂಸ್ಥೆಯ ನಿರ್ದೇಶಕರು ಇಬ್ಬರ ಕಾಗದಗಳನ್ನೂ ಮುಂದಿಟ್ಟುಕೊಂಡು ನನ್ನೊಬ್ಬನನ್ನೇ ಕರೆದರು. ನುಣುಪಾದ ಮನುಷ್ಯ; ಯಾವ ಮಾತನ್ನೂ ತಾವೇ ಹೇಳದೆ ಎದುರಿನವರ ಬಾಯಲ್ಲಿ ಹೇಳಿಸುವುದರಲ್ಲಿ ಪಳಗಿದವರು.

“ಆ ಹುಡುಗಿ ಫಾರ್ಮ್ ಬುಧವಾರ ಹೋಗ್ಬೇಕು ಅಲ್ವಾ? ನೀವು ಅವಳು ಅರ್ಹಳು ಅಂದ್ರೆ ಅವಳ ಏಳೇ ಉಳಿಯುತ್ತೆ. ಇನ್ನೂ ಕೈ ಪಳಗಿಲ್ಲ ಅಂದ್ರೆ, ಪಳಗದೆ ಇರೋ ಕೈ ಕೊಟ್ಟ ಅಂಕ ಅದು. ಕೈಬಿಡ್ಬಹುದು. ನಿಮ್ಮ ಅನುಭವ ಏನು ಹೇಳುತ್ತೋ ಅದನ್ನ ಬರೀರಿ.”

ನನ್ನ ಅನುಭವ ಆಗಲೇ ತುಟಿಯ ತುದಿಯಲ್ಲಿತ್ತು. ‘ಕೈ ಇನ್ನೂ ಪಳಗಿಲ್ಲ’ ಎಂಬ ಮೂರು ಪದಗಳನ್ನು ಶನಿವಾರ ಸಂಜೆಯೇ ಪೆನ್ಸಿಲಿನಲ್ಲಿ ಬರೆದಿಟ್ಟೆ. ಸೋಮವಾರ ಶಾಯಿಯಲ್ಲಿ ತಿದ್ದಿದರಾಯಿತು ಎಂದುಕೊಂಡೆ. ಈಗ ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಒಬ್ಬಳು ಹುಡುಗಿಯ ಬದುಕಿನ ದಾರಿಯನ್ನು ಮುಚ್ಚಿ, ನೆಮ್ಮದಿಯಾಗಿ ಊಟ ಮಾಡಿ ಮಲಗಿದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಣ್ಣೆಸ್ನಾನ. ಕೆಲವು ದಿನಗಳಿಂದ ಬಲಗಾಲಿನ ಮೀನಖಂಡ ಕಲ್ಲಿನಂತಾಗಿ ನೋಯುತ್ತಿತ್ತು. ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆದದ್ದು ಜಾಸ್ತಿಯಾಯಿತು ಎಂದು ನಾನೇ ರೋಗ ಗುರುತಿಸಿಕೊಂಡಿದ್ದೆ. ಹೆಂಡತಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಹರಳೆಣ್ಣೆ ಬಿಸಿ ಮಾಡಿ ತಂದು ಕಾಲು ತಿಕ್ಕುತ್ತಾ ಕೂತಳು. ಒಂದು ಕಾಲು ತಿಕ್ಕಿದಳು, ಇನ್ನೊಂದು ಕಾಲು ಹಿಡಿದು ನೋಡಿದಳು, ಮತ್ತೆ ಮೊದಲಿನದನ್ನು ಹಿಡಿದಳು.

“ರೀ, ಒಂದು ಕೇಳ್ತೀನಿ. ವಾಕಿಂಗ್ ಎರಡೂ ಕಾಲಲ್ಲಿ ತಾನೇ ಮಾಡೋದು?”

“ಹೌದು.”

“ಮತ್ತೆ ಬಲಗಾಲು ಮಾತ್ರ ಯಾಕೆ ಹೀಗಾಗಿದೆ? ಎಡಗಾಲನ್ನ ಮನೇಲೇ ಬಿಟ್ಟು ಹೋಗ್ತೀರಾ?”

ನಗಬೇಕೆಂದು ಬಾಯಿ ತೆರೆದವನು ಹಾಗೇ ಕೂತೆ. ಕೆರೆಯ ಸುತ್ತ ಬಲಗಾಲೊಂದನ್ನೇ ದುಡಿಸಲು ಸಾಧ್ಯವಿಲ್ಲ. ಬಲಗಾಲೊಂದನ್ನೇ ದುಡಿಸುವ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಮೂರು ವಾರ ದಿನವೂ ಒತ್ತಿ ಒತ್ತಿ ಕಾಲು ಗಂಟಾಗಿದೆ ಎಂದರೆ ಆ ವಿಮಾನದ ಮೂತಿಯ ಎಳೆತ ಸಾಮಾನ್ಯದ್ದಲ್ಲ. ಏನೂ ತಿದ್ದಬೇಕಾಗಿಲ್ಲ ಎಂದು ಬರೆದದ್ದು ನನ್ನ ಕೈ. ಎಳೆತವನ್ನು ಅಷ್ಟು ದಿನ ತಡೆದು ಹಿಡಿದದ್ದು ನನ್ನ ಕಾಲು. ಇಬ್ಬರೂ ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಟ್ಟಿದ್ದರು.

“ಎಣ್ಣೆ ಕಣ್ಣಿಗೆ ಹೋಯ್ತಾ?” ಎಂದಳು ಹೆಂಡತಿ. ನನ್ನ ಮುಖ ಹಾಗಿತ್ತಂತೆ.

ಸೋಮವಾರ ಯಾರಿಗೂ ಹೇಳದೆ ದಾಖಲೆಯ ಕೋಣೆಗೆ ಹೋದೆ. ಪರೀಕ್ಷಾ ವಿಮಾನದಲ್ಲಿ ಹಿಡಿಕೆ, ಪೆಡಲು, ಮೂತಿ ಎಲ್ಲದರ ಚಲನೆಯೂ ಗೆರೆಯಾಗಿ ದಾಖಲಾಗುತ್ತದೆ. ನನ್ನ ಹಾರಾಟಗಳ ಗೆರೆಗಳನ್ನು ಪರದೆಯ ಮೇಲೆ ಹರಡಿಕೊಂಡು ಕೂತೆ. ಒಂದರಲ್ಲೂ ಎರಡು ಸೆಕೆಂಡು ಇರಲಿಲ್ಲ. ಅರ್ಧ ಸೆಕೆಂಡೂ ಇರಲಿಲ್ಲ. ಎಷ್ಟೋ ಕಡೆ ಮೂತಿ ಅಲುಗಾಡುವ ಮೊದಲೇ ನನ್ನ ಕಾಲು ಪೆಡಲನ್ನು ಒತ್ತಿತ್ತು, ಕೈ ಹಿಡಿಕೆಯನ್ನು ತಳ್ಳಿತ್ತು. ಕಾರ್ಡಿನಲ್ಲಿದ್ದ ಪರೀಕ್ಷೆಯನ್ನು ನಾನು ಒಂದು ಸಲವೂ ಮಾಡಿರಲಿಲ್ಲ. ಪಕ್ಕದಲ್ಲಿ ಅವಳ ಗೆರೆ ತೆಗೆದೆ. ಎರಡು ಸೆಕೆಂಡು ಸ್ಕೇಲಿಟ್ಟು ಎಳೆದಷ್ಟು ನೇರ. ಆಮೇಲೆ ಮೂತಿ ಎದ್ದ ಎತ್ತರವನ್ನು ಎರಡೆರಡು ಸಲ ಅಳೆದು ನೋಡಿದೆ.

ನುರಿತ ಪೈಲಟ್ಟುಗಳು ಮಾತ್ರ ಮಾಡಬಹುದಾದ ತಪ್ಪು ಇದು. ಹೊಸಬರಿಗೆ ಬೇಕೆಂದರೂ ಮಾಡಲು ಬರುವುದಿಲ್ಲ. ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ವಿಮಾನವನ್ನು ನಾಳೆ ಹತ್ತೊಂಬತ್ತರ ಹುಡುಗರು ಹಾರಿಸುತ್ತಾರೆ. ಅವರ ಕಾಲಿಗೆ ಮೂವತ್ತು ವರ್ಷದ ಅಭ್ಯಾಸ ಇರುವುದಿಲ್ಲ.

ಅವಳ ಮೇಜಿನ ಹತ್ತಿರ ಹೋಗಿ, “ನಾಳೆ ನನ್ನ ಜೊತೆ ಬಾ. ಆ ಪರೀಕ್ಷೆ ಮತ್ತೆ ಮಾಡ್ಬೇಕು,” ಎಂದೆ.

“ನಾ ಮತ್ತ ಮಾಡಿ ತೋರಸ್ಬೇಕೇನ್ರಿ ಸರ್?” ಎಂದಳು. ಧ್ವನಿಯಲ್ಲಿ ಸಿಟ್ಟಿತ್ತು.

“ನೀನಲ್ಲ, ನಾನು. ನೀನು ಎಣಿಸು.”

ಮಂಗಳವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಆರು ಸಾವಿರ ಅಡಿಯಲ್ಲಿ ವೇಗ ಇಳಿಸಿ, ವಿಮಾನವನ್ನು ಇಳಿಯುವ ಸ್ಥಿತಿಗೆ ತಂದು, ಪೂರ್ತಿ ಶಕ್ತಿ ಕೊಟ್ಟೆ. ಸುಮ್ಮನಿರಬೇಕು ಎಂದು ಹಲ್ಲು ಕಚ್ಚಿದ್ದೆ. ಅವಳು “ಒಂದು” ಎನ್ನುವಷ್ಟರಲ್ಲಿ ನನ್ನ ಕಾಲು ಒತ್ತಿಯಾಗಿತ್ತು. ಎರಡನೇ ಸಲವೂ ಅದೇ. ಮೂರನೇ ಸಲ ಕಾಲನ್ನು ಬೈದುಕೊಂಡು ಮಾಡಿದೆ. ಕಾಲು ನಿಂತಿತು, ಕೈ ತಳ್ಳಿತು. ಇಡೀ ಜೀವಮಾನ ಯಾವುದನ್ನು ಕಲಿಯಲು ಬೆವರು ಸುರಿಸಿದೆನೋ ಅದು ಈಗ ನನ್ನ ಮಾತು ಕೇಳುತ್ತಿರಲಿಲ್ಲ.

ಆಮೇಲೆ ಅವಳೇ ಮೆಲ್ಲಗೆ ಹೇಳಿದಳು.

“ಸರ್, ವಿಮಾನ ನನಗ ಕೊಡ್ರಿ. ಕಾಲು ತಗದು ಕೆಳಗ ಇಡ್ರಿ. ಕೈ ತೊಡಿ ಮ್ಯಾಲ ಇರ್ಲಿ. ನೀವು ಬರೇ ನೋಡ್ರಿ.”

ಮೊದಲ ಸಲ ವಿಮಾನ ಹತ್ತಿದ ಪ್ರಯಾಣಿಕನ ಹಾಗೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಅವಳು ಶಕ್ತಿ ಕೊಟ್ಟಳು. ಒಂದು. ಮೂತಿ ಎದ್ದಿತು, ದಿಗಂತ ಕಣ್ಣಿಂದ ಮರೆಯಾಯಿತು. ಎರಡು. ಗಾಜಿನ ತುಂಬ ಬರೀ ಆಕಾಶ, ವಿಮಾನ ಎಡಕ್ಕೆ ಹೊರಳಿ ಕಟಕಟನೆ ನಡುಗತೊಡಗಿತು. ಎಡರೆಕ್ಕೆ ಕುಸಿಯಿತು. ಅಷ್ಟರಲ್ಲಿ ಅವಳು ಹಿಡಿಕೆ ತಳ್ಳಿ, ಪೆಡಲ್ ಒತ್ತಿ, ಅವಸರವಿಲ್ಲದೆ ನೆಟ್ಟಗೆ ಮಾಡಿದಳು. ಎತ್ತರದ ಮಾಪಕ ನೋಡಿದೆ. ಮುನ್ನೂರು ಅಡಿ ಕಳೆದುಕೊಂಡಿದ್ದೆವು. ಇಳಿಯಲು ಬಂದ ಹುಡುಗನ ಕೆಳಗೆ ಮುನ್ನೂರು ಅಡಿ ಇರುವುದಿಲ್ಲ.

ಸುತ್ತುಬಳಸದೆ ಹೇಳುತ್ತೇನೆ, ನನಗೆ ಭಯವಾಯಿತು. ತಿಂಗಳುಗಟ್ಟಲೆ ಹಾರಿಸಿದ ವಿಮಾನವನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಇಳಿದು, ಇಂಜಿನ್ ಆರಿಸಿ, ಇಬ್ಬರೂ ಬೇರೆಬೇರೆ ಕಡೆ ತಿರುಗಿ ಅಂಕ ಬರೆದು ಮಡಿಚಿದೆವು. ಬಾಗಿಲು ತೆರೆದಾಗ ವಿನ್ಯಾಸಕರು ಡಬ್ಬಿ ಮುಂದೆ ಹಿಡಿದರು. ನಾನೂ ಬೇಡವೆಂದೆ.

ಬುಧವಾರ ನಿರ್ದೇಶಕರ ಕೋಣೆಯಲ್ಲಿ ನಾಲ್ವರೂ ಕೂತೆವು. ಮೊದಲು ನನ್ನ ಹಳೆಯ ಅಂಕವನ್ನು ವಾಪಸ್ಸು ತೆಗೆದುಕೊಂಡೆ. ಕಾಗದಕ್ಕಿಳಿಸಿದ ನನ್ನ ಗೆರೆಗಳನ್ನೂ ಅವಳ ಗೆರೆಗಳನ್ನೂ ಮೇಜಿನ ಮೇಲೆ ಹಾಸಿ, ಕಾರ್ಡು ಹೇಳಿದ್ದನ್ನು ನಾನು ಒಂದು ದಿನವೂ ಮಾಡಿಲ್ಲ ಎಂದು ತೋರಿಸಿದೆ. ಅವಳು ಗೆರೆಗಳನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಿರ್ದೇಶಕರು ಹೊಸ ಚೀಟಿಗಳನ್ನು ಬಿಡಿಸಿದರು. ಅವಳದು ಏಳು. ನನ್ನದು ಎಂಟು.

“ಇದೇನ್ರೀ ಇದು,” ಎಂದು ನಿರ್ದೇಶಕರು ನಕ್ಕರು, “ಮೂರರಿಂದ ನೇರ ಎಂಟಕ್ಕೆ ಹಾರಿಬಿಟ್ರಿ? ಈಗ ಯಾರದ್ದು ಬರ್ಕೊಳ್ಳೋದು?”

“ಅವರದ್ದೇ ಬರ್ಕೊಳ್ಳಿ ಸಾರ್. ಅವರು ಅಳೆದು ಕೊಟ್ಟಿದ್ದಾರೆ. ನನ್ನ ಎಂಟರಲ್ಲಿ ಒಂದು ಅಂಕ ಭಯದ್ದು.”

ಅವಳ ಫಾರ್ಮನ್ನು ಅಲ್ಲೇ ತೆಗೆದು, ಪೆನ್ಸಿಲಿನ ಮೂರು ಪದ ಅಳಿಸಿ, ‘ಅರ್ಹಳು’ ಎಂದು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಏನು ಅಳಿಸಿದೆ ಎಂಬುದು ಅವಳಿಗೆ ಕಾಣುವಂತಿತ್ತು. ಕಾಣಲಿ ಎಂದೇ ಮುಚ್ಚಿಕೊಳ್ಳಲಿಲ್ಲ. ಈ ವಿಮಾನದ ಪರೀಕ್ಷೆಗಳಿಂದ ನನ್ನನ್ನು ಬಿಡಿಸಿ, ನನ್ನ ಕೈಕಾಲು ಇನ್ನು ಸುಮ್ಮನಿರಲಾರವು ಎಂದು ಬೇರೆ ಹಾಳೆಯಲ್ಲಿ ಬರೆದು ನಿರ್ದೇಶಕರಿಗೆ ಕೊಟ್ಟೆ. ಅದಕ್ಕೆ ಫಾರ್ಮ್ ಇಲ್ಲ.

ವಿನ್ಯಾಸಕರು ಅಷ್ಟು ಹೊತ್ತೂ ತಲೆ ಬಗ್ಗಿಸಿ ಕೂತಿದ್ದರು. ಹತ್ತು ವರ್ಷದ ಕೆಲಸಕ್ಕೆ ಇನ್ನೊಂದು ವರ್ಷ ಸೇರಿತ್ತು. ಸಿಟ್ಟಾಗಬಹುದಿತ್ತು, ಆಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿ ಕೇಳಿದರು:

“ಇಷ್ಟು ವರ್ಷ ಹಾರಿಸಿದೋರು, ನಿಜವಾಗ್ಲೂ ನೀವು ಹೆದರಿಬಿಟ್ರಾ?”

“ಹೆದರಿದೆ ಸಾರ್. ಮೂರು ಕೊಟ್ಟ ದಿನಾನೇ ಹೆದರಬೇಕಿತ್ತು.”